ಎಲ್ಲವೂ ಚಕಮಕಿ ಕಲ್ಲಲ್ಲ

ಸಂಪಾದಕರೇ,

ಶಿಲಾಯುಗ ಎಂದರೆ ಚಕಮಕಿ ಕಲ್ಲಿನ ಆಯುಧ ಎಂದು ಸುಮ್ನೆ ಬರೆದುಬಿಡುತ್ತಾರೆ. ಸೀಮೆಸುಣ್ಣದಂಥ ಬಿಳಿ ಬಂಡೆಯೊಳಗೇ ಚಕಮಕಿ ಸಿಗುವ ದಕ್ಷಿಣ ಇಂಗ್ಲೆಂಡಿಗೆ ಅದು ಸರಿ. ನಮ್ಮಲ್ಲಿ ಕಥೆಯೇ ಬೇರೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಡೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದಾಗ ಸಿಕ್ಕಿದ್ದು ಸುಣ್ಣದಕಲ್ಲಿನ ಆಯುಧಗಳ ಕಾರ್ಖಾನೆ! ಸಿಲಿಕಾ ಸೇರಿ ಗಟ್ಟಿಯಾದ ಈ ಕಲ್ಲು ತಾನಾಗಿಯೇ ಹಲಗೆ ಹಲಗೆಯಾಗಿ ಬಿಟ್ಟುಕೊಳ್ಳುತ್ತದೆ, ಬೇಕಾದಷ್ಟೇ ದಪ್ಪದ್ದನ್ನು ಆರಿಸಿಕೊಂಡರೆ ಕೈಗೊಡಲಿಯ (ಹಿಡಿಕೆ ಇಲ್ಲದೆ ಕೈಯಲ್ಲೇ ಹಿಡಿಯುವ ಕಲ್ಲಿನ ಆಯುಧ) ಅರ್ಧ ಕೆಲಸ ಮುಗಿದಂತೆ, ಅಂಚು ಕೆತ್ತಿದರೆ ಸಾಕು. ಜಾಣರು ಅಲ್ವಾ? ಬಡಿಯಲು ಬೇರೆ ಗಟ್ಟಿ ಗುಂಡುಕಲ್ಲು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನಿಂದ ಲೆಕ್ಕ ಹಾಕಿದರೆ ಇದೆಲ್ಲ ಸುಮಾರು 12 ಲಕ್ಷ ವರ್ಷ ಹಿಂದಿನದು. ಹಂಪಿ, ಬಾದಾಮಿ ಬಗ್ಗೆ ಜಾಸ್ತಿ ಓದಿದ್ದೇವೆ. ಒಮ್ಮೆ ಇದನ್ನೂ ಫೋಟೊ ಸಮೇತ ಹಾಕಿ.

– ಒಬ್ಬ ಓದುಗ, ಕಲಬುರಗಿ