ಹತ್ತಿ ಮೇಲಿಂದ ಬಿದ್ದವನ ಅವ್ವ ಬರೆದದ್ದು

ಮೊನ್ನೆ ಕ್ರಿಸ್ಮಸ್ ಕಾರ್ಯಕ್ರಮದ ದಿನ ಶಾಲೆಯಲ್ಲಿ ನನ್ನ ಕೈಗೆ ಮೈಕ್ ಕೊಟ್ಟು "ಎರಡು ಮಾತಾಡಿ" ಅಂದರು. ಎಲ್ಲರಿಗೂ ನಮಸ್ಕಾರ ಅಂದೆ. ಅಷ್ಟಕ್ಕೇ ಗಂಟಲು ಕಟ್ಟಿತು, ಮೈಕ್ ವಾಪಸ್ ಕೊಟ್ಟು ಕೆಳಗಿಳಿದೆ. ಮನೆಗೆ ಬರುವಾಗ ನಮ್ಮ ಹುಡುಗ ಕೇಳಿದ, "ಯವ್ವಾ, ಇಷ್ಟೇ ಏನು?"

ಇಷ್ಟೇ ಅಲ್ಲ. ಇವನ ಕಾಲು ಮುರಿದಾಗ ಶಾಲೆಯವರು ನೋಡಿಕೊಂಡದ್ದಕ್ಕೆ ಹೇಳಬೇಕಾದದ್ದು ಬಹಳ ಇದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಶಾಲೆ ಹೆಸರು ಹಾಕಬಾರದು ಅಂತ ಶಾಲೆ ನೋಡಿಕೊಳ್ಳುವ ದೊಡ್ಡ ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ) ಮೊದಲೇ ಹೇಳಿದ್ದಾರೆ. ಹಾಕುವುದಿಲ್ಲ. ರಾಯಚೂರಿನವರಿಗೆ ತಾನಾಗೇ ಗೊತ್ತಾದರೆ ಅದು ನನ್ನ ತಪ್ಪಲ್ಲ.

ನಮ್ಮ ಮನೆಯವರು ಹತ್ತಿಯಿಂದ ಬೀಜ ಬೇರೆ ಮಾಡುವ ಜಿನ್ನಿಂಗ್ ಮಿಲ್ಲಿನಲ್ಲಿ ಹಮಾಲಿ. ದಸರೆ ಹೊತ್ತಿಗೆ ಊರಿಗೆ ಹತ್ತಿ ಬರಲು ಶುರುವಾಗುತ್ತದೆ. ನಮ್ಮ ಜಿಲ್ಲೆಯದಷ್ಟೇ ಅಲ್ಲ, ತೆಲಂಗಾಣದ ಗದ್ವಾಲ್ ಕಡೆಯಿಂದಲೂ ಗಾಡಿ ಬರುತ್ತವೆ. ಅಲ್ಲಿಂದ ಸಂಕ್ರಾಂತಿಯವರೆಗೆ ಅವರು ಮನೆಯಲ್ಲಿ ಇದ್ದರೂ ಇಲ್ಲದ ಹಾಗೆ. ಬರುತ್ತಾರೆ, ರೊಟ್ಟಿ ತಿನ್ನುತ್ತಾರೆ, ಮಲಗುತ್ತಾರೆ. ಕೂದಲಲ್ಲಿ, ಮೀಸೆಯಲ್ಲಿ ಹತ್ತಿಯ ಎಳೆ. 2024ರ ಅಕ್ಟೋಬರ್ 11, ಆಯುಧ ಪೂಜೆ. ಯಂತ್ರಗಳಿಗೆ ಪೂಜೆ ಇದೆ, ಮಕ್ಕಳಿಗೆ ಸಿಹಿ ಕೊಡುತ್ತಾರೆ ಅಂತ ಹುಡುಗನನ್ನೂ ಕರೆದುಕೊಂಡು ಹೋದರು. ಮಳಿಗೆಯಲ್ಲಿ ಹತ್ತಿ ಗುಡ್ಡದ ಹಾಗೆ ಬಿದ್ದಿತ್ತು. ನಾಲ್ಕನೇ ತರಗತಿ ಹುಡುಗ ಅದನ್ನು ನೋಡಿ ಸುಮ್ನೆ ಇರುತ್ತಾನಾ?

ಕೇಳಿದವರೆಲ್ಲ ಒಂದೇ ಮಾತು. "ಹತ್ತಿ ಮೇಲೆ ಬಿದ್ದರೆ ಕಾಲು ಹೆಂಗ ಮುರೀತದ?" ಅವನು ಹತ್ತಿ ಮೇಲೆ ಬೀಳಲಿಲ್ಲ. ಹತ್ತಿ ಮೇಲಿಂದ ಬಿದ್ದ. ಕೆಳಗೆ ಸಿಮೆಂಟ್ ನೆಲ.

ಹಬ್ಬದ ದಿನ. ಮೊದಲು ಹೋದ ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರ್ ಇಲ್ಲ ಅಂದರು. ಎರಡನೆಯದರಲ್ಲಿ ಎಕ್ಸ್‌ರೇ ತೆಗೆಯುವವರು ಊಟಕ್ಕೆ ಹೋಗಿದ್ದರು. ರಾತ್ರಿ ಒಂಬತ್ತಕ್ಕೆ ತೊಡೆಯಿಂದ ಪಾದದವರೆಗೆ ಸಿಮೆಂಟ್ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದೆವು. ಆರು ವಾರ ಕಾಲು ನೆಲಕ್ಕೆ ಊರಬಾರದು ಅಂದರು. ಮಾರನೇ ದಿನ ಓಣಿಯವರು ಬನ್ನಿ ಕೊಡಲು ಬಂದಾಗ ಹುಡುಗ ಮಂಚದ ಮೇಲಿಂದಲೇ "ಬಂಗಾರದಂಗ ಇರೋಣ" ಅಂತ ಎಲ್ಲರಿಗೂ ಹೇಳಿದ. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಈ ವರ್ಷ ಶಾಲೆ ಬಿಡಿಸಿಬಿಡಿ, ಮುಂದಿನ ವರ್ಷ ಮತ್ತೆ ನಾಲ್ಕನೇ ತರಗತಿಗೆ ಹಾಕಿ ಅಂದರು ನೆಂಟರು. ನನಗೂ ಅದೇ ಸರಿ ಅನ್ನಿಸಿತ್ತು. ನಾನು ಮನೆಯಲ್ಲಿ ಜಂಪರ್ (ರವಿಕೆ) ಹೊಲಿಯುತ್ತೇನೆ. ದೀಪಾವಳಿ ಮುಂದೆ ಹೊಲಿಗೆ ಜಾಸ್ತಿ. ಅತ್ತೆಗೆ ಎಂಬತ್ತರ ಹತ್ತಿರ ವಯಸ್ಸು. ಈ ಹುಡುಗನನ್ನು ಎತ್ತಿ ಇಳಿಸುವವರು ಯಾರು?

ಅಕ್ಟೋಬರ್ 21ಕ್ಕೆ ಶಾಲೆ ಶುರುವಾಯಿತು. ನಾಲ್ಕನೇ ದಿನ ದೊಡ್ಡ ಸಿಸ್ಟರ್ ಮನೆಗೇ ಬಂದರು. ಅವರು ಮಂಗಳೂರು ಕಡೆಯವರು. ಅವರ ಕನ್ನಡ ನಮ್ಮ ಅತ್ತೆಗೆ ಅರ್ಧ ತಿಳಿಯುತ್ತದೆ, ಅತ್ತೆಯ ಕನ್ನಡ ಅವರಿಗೆ ಅರ್ಧ. ಆದರೂ ಇಬ್ಬರೂ ತಾಸುಗಟ್ಟಲೆ ಮಾತಾಡುತ್ತಾರೆ. ಪಟ್ಟಿ ತಟ್ಟಿ ನೋಡಿ, "ಕಾಲು ಮುರಿದದ್ದು ಅಲ್ಲವಾ, ತಲೆ ಅಲ್ಲವಲ್ಲ. ಸೋಮವಾರ ಕಳಿಸಿ" ಅಂದರು. ನಾನು ಏನೋ ಹೇಳಲು ಹೋದೆ. "ಎಂತ ಆಗುದಿಲ್ಲ ಅಮ್ಮ" ಅಂದರು. ಎರಡನೇ ಕಂತಿನ ಫೀ ವಿಷಯ ನಾನೇ ತೆಗೆದೆ. ಹತ್ತಿ ಹಂಗಾಮು ಮುಗಿಯಲಿ, ಆಮೇಲೆ ನೋಡುವ ಅಂದರು. ಹತ್ತಿ ಹಂಗಾಮು ಯಾವಾಗ ಮುಗಿಯುತ್ತದೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಎಷ್ಟೋ ಮಕ್ಕಳು ಈ ದಿನಗಳಲ್ಲಿ ಹತ್ತಿ ಬಿಡಿಸಲು ಅವ್ವನ ಜೊತೆ ಹೋಗಿ ಶಾಲೆ ತಪ್ಪಿಸುತ್ತಾರೆ. ಇನ್ನು ಕೆಲವರ ಮನೆಯವರು ದೀಪಾವಳಿ ಮುಗಿದದ್ದೇ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಮಕ್ಕಳೂ ಹಿಂದೆ ಹೋಗುತ್ತವೆ. ದಸರೆ ರಜೆ ಮುಗಿದ ಮೇಲೆ ಸಿಸ್ಟರ್ ಹಾಜರಿ ಪುಸ್ತಕ ಹಿಡಿದು ಮನೆಮನೆ ತಿರುಗುವುದು ಪ್ರತಿ ವರ್ಷ ಇದ್ದದ್ದೇ ಅಂತೆ. ನಮ್ಮ ಮನೆ ಆ ದಿನದ ಐದನೆಯದು.

ಸೋಮವಾರ ಆಟೊದ ಚಾಚಾ ಬಂದರು. ಮುಂದಿನ ಸೀಟಿನಲ್ಲಿ ತಮ್ಮ ಪಕ್ಕ ಒಂದು ದಿಂಬು ಇಟ್ಟು, ಕಾಲು ಉದ್ದ ಚಾಚುವ ಹಾಗೆ ಕೂರಿಸಿದರು. ಅಲ್ಲಿ ಕೂರುತ್ತಿದ್ದ ಎರಡು ಮಕ್ಕಳನ್ನು ಹಿಂದೆ ಒತ್ತಿದರು. ಶಾಲೆಯಲ್ಲಿ ಎತ್ತಿಕೊಂಡು ಹೋಗಿ ಬೆಂಚಿನ ಮೇಲೆ ಇಡುವುದು, ಸಂಜೆ ಮತ್ತೆ ಎತ್ತಿಕೊಂಡು ಬರುವುದು. ಡಿಸೆಂಬರ್‌ವರೆಗೆ ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ. ಚಾಚಾ, ನೀವು ಇದನ್ನು ಓದುವುದಿಲ್ಲ ಅಂತ ಗೊತ್ತು. ನಿಮ್ಮ ಮಗಳು ಓದಿ ಹೇಳಲಿ.

ನಾಲ್ಕನೇ ತರಗತಿ ಇರುವುದು ಮಾಳಿಗೆ ಮೇಲೆ. ಇಪ್ಪತ್ತೆರಡು ಮೆಟ್ಟಿಲು. ಚಾಚಾ ಎತ್ತಿಕೊಂಡು ಹತ್ತುತ್ತಾರೆ ಅಂತಲೇ ನಾನು ಅಂದುಕೊಂಡಿದ್ದೆ. ಹುಡುಗನೂ ಏನೂ ಹೇಳಿರಲಿಲ್ಲ. ಅವನು ಊಟದ ಸುದ್ದಿ ಬಿಟ್ಟು ಬೇರೆ ಸುದ್ದಿ ಹೇಳುವವನಲ್ಲ. ನವೆಂಬರ್ 14ರ ಮಕ್ಕಳ ದಿನಕ್ಕೆ ಶಾಲೆಗೆ ಹೋದಾಗ ನೋಡುತ್ತೇನೆ, ನಾಲ್ಕನೇ ತರಗತಿ ಕೆಳಗಿದೆ! ಒಂದನೇ ತರಗತಿ ಮೇಲೆ ಹೋಗಿದೆ. ಪುಟ್ಟ ಮಕ್ಕಳು ಕಟಾಂಜನ ಹಿಡಿದು ಕೆಳಗೆ ನೋಡಿ ಕಿರುಚುತ್ತಿದ್ದವು, ಅವಕ್ಕೆ ಭಾರಿ ಖುಷಿ. ಒಂದನೇ ತರಗತಿ ಟೀಚರಿಗೆ ಮೊಣಕಾಲು ನೋವು. ಅದು ನನಗೆ ಮೊದಲಿಂದಲೂ ಗೊತ್ತು, ನಮ್ಮ ಹುಡುಗನಿಗೆ ಅಕ್ಷರ ಕಲಿಸಿದ್ದೇ ಅವರು. ಒಂದೊಂದೇ ಮೆಟ್ಟಿಲು, ಎರಡೂ ಕಾಲು ಊರಿ, ಗೋಡೆ ಹಿಡಿದು ಇಳಿಯುತ್ತಿದ್ದರು. ನನ್ನನ್ನು ನೋಡಿ, "ಏನವ್ವ, ಆರಾಮಾ?" ಅಂದರು. ಎರಡೂವರೆ ವಾರದಿಂದ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದಿದ್ದಾರೆ. ನನಗೆ ಯಾರೂ ಒಂದು ಮಾತು ಹೇಳಿಲ್ಲ.

ಈ ಬದಲಾವಣೆ ಬೇಡ ಅಂತ ಪಾಲಕರ ಸಭೆಯಲ್ಲಿ ಒಬ್ಬರು ತಕರಾರು ತೆಗೆದರಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸ್ವಲ್ಪ ಇದೆ.

ಇನ್ನೊಂದು ಸಂಗತಿ. ಬರೆಯಲೋ ಬೇಡವೋ ಅಂತ ಯೋಚಿಸಿದೆ. ಶಾಲೆಯ ಪಾಯಿಖಾನೆಯಲ್ಲಿ ಕುಕ್ಕರಗಾಲಲ್ಲಿ ಕೂರಬೇಕು. ಸಿಮೆಂಟ್ ಪಟ್ಟಿ ಇದ್ದವನು ಹೇಗೆ ಕೂರುತ್ತಾನೆ? ಮೊದಲ ದಿನ ಅವನು ನೀರೇ ಕುಡಿಯದೆ ಬಂದಿದ್ದ. ಆಯಾ ಅಕ್ಕ ಅದನ್ನು ಹೇಗೋ ಪತ್ತೆ ಮಾಡಿದರು. ಮಾರನೇ ದಿನದಿಂದ ಸಿಸ್ಟರ್‌ಗಳ ಮನೆಯಲ್ಲಿ ಅತಿಥಿಗಳಿಗೆ ಅಂತ ಇದ್ದ ಕೋಣೆಯ ಕಮೋಡ್ ನಮ್ಮ ಹುಡುಗನದಾಯಿತು. ಆಯಾ ಅಕ್ಕ ಕಂಕುಳಲ್ಲಿ ಎತ್ತಿಕೊಂಡು ಹೋಗುತ್ತಿದ್ದರು. ಕಾಲು ಮುರಿದ ಮಕ್ಕಳ ಅವ್ವಂದಿರಿಗೆ ಮಾತ್ರ ಇದು ಎಷ್ಟು ದೊಡ್ಡದು ಅಂತ ತಿಳಿಯುತ್ತದೆ.

ಆಟದ ಪೀರಿಯಡ್ಡಿನಲ್ಲಿ ಹುಡುಗ ಒಬ್ಬನೇ ಕೂತು ಅಳುತ್ತಿದ್ದನಂತೆ. ಪಿಟಿ ಸರ್ ತಮ್ಮ ಕೈಗಡಿಯಾರ ಬಿಚ್ಚಿ ಕೊಟ್ಟು, ಗಂಟೆ ಬಾರಿಸುವ ಕೆಲಸ ವಹಿಸಿದರು. ನಮ್ಮ ಶಾಲೆಯ ಗಂಟೆ ಅಂದರೆ ಪಡಸಾಲೆಯಲ್ಲಿ ತೂಗುಹಾಕಿರುವ ರೈಲು ಹಳಿ ತುಂಡು. ಕುರ್ಚಿ ಮೇಲೆ ಕೂತೇ ಬಾರಿಸಬಹುದು. ಒಂದು ದಿನ ಊಟದ ಗಂಟೆಯನ್ನು ಹತ್ತು ನಿಮಿಷ ಮೊದಲೇ ಬಾರಿಸಿದ. ತಟ್ಟೆ ಹಿಡಿದು ಎಲ್ಲ ಮಕ್ಕಳು ಓಡಿದರೆ ಸಾರು ಇನ್ನೂ ಕುದಿಯುತ್ತಿದೆ. ಯಾಕೆ ಬಾರಿಸಿದೆ ಅಂತ ಕೇಳಿದ್ದಕ್ಕೆ "ವಾಸನೆ ಬಂತು ಸರ್" ಅಂದನಂತೆ. ಕೆಲಸ ಹೋಗಲಿಲ್ಲ. ಸರ್, ನಿಮ್ಮ ಗಡಿಯಾರದ ಬೆಲ್ಟು ಹರಿದದ್ದೂ ಅವನಿಂದಲೇ. ಅದಕ್ಕೆ ಕ್ಷಮೆ ಇರಲಿ.

ಊಟದ ಮಾತು ಬಂತು, ತತ್ತಿಯ ಕತೆಯೂ ಹೇಳಿಬಿಡುತ್ತೇನೆ. ನಮ್ಮದು ಅನುದಾನಿತ ಶಾಲೆ. ಬಿಸಿಯೂಟ, ಹಾಲು, ಜೊತೆಗೆ ತತ್ತಿ ಅಥವಾ ಬಾಳೆಹಣ್ಣು ಕೊಡುತ್ತಾರೆ. ಶಾಲೆಯಲ್ಲಿ ತತ್ತಿ ಕೊಡುವುದು 2021ರ ಡಿಸೆಂಬರ್‌ನಲ್ಲಿ ಮೊದಲು ಶುರುವಾದದ್ದೇ ನಮ್ಮ ಕಡೆಯ ಜಿಲ್ಲೆಗಳಲ್ಲಿ. 2024ರ ಸೆಪ್ಟೆಂಬರ್‌ನಿಂದ ಅದು ವಾರಕ್ಕೆ ಆರು ದಿನ ಆಯಿತು. ನಮ್ಮ ಮನೆಯಲ್ಲಿ ತತ್ತಿ ತಿನ್ನುವುದಿಲ್ಲ. ಒಂದನೇ ತರಗತಿಯಲ್ಲೇ ಬಾಳೆಹಣ್ಣು ಅಂತ ಬರೆದು ಕೊಟ್ಟಿದ್ದೆ. ಪಟ್ಟಿ ಬಿಚ್ಚುವ ದಿನ ಡಾಕ್ಟರ್ ಎಕ್ಸ್‌ರೇ ನೋಡಿ, ಎಲುಬು ಚೆನ್ನಾಗಿ ಕೂಡಿದೆ, ಏನು ತಿನ್ನಿಸಿದಿರಿ ಅಂದರು. ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಅಂತ ನಾನು ಹೆಮ್ಮೆಯಿಂದ ಹೇಳುತ್ತಿದ್ದರೆ ಪಕ್ಕದಲ್ಲಿ ಹುಡುಗ ಮೆಲ್ಲಗೆ, "ತತ್ತಿನೂ" ಅಂದ. ಗೆಳೆಯರು ದಿನಾ ತಮ್ಮದರಲ್ಲಿ ಅರ್ಧ ಮುರಿದು ಕೊಡುತ್ತಿದ್ದರಂತೆ. ಅಡುಗೆ ಅಮ್ಮನಿಗೆ ಗೊತ್ತಿತ್ತು. ನನಗೆ ಹೇಳದಿದ್ದುದಕ್ಕೆ ಮೊದಲು ಕೋಪ ಬಂತು. ಆಮೇಲೆ ಅತ್ತೆಗೆ ಹೇಳಬೇಡ ಅಂತ ನಾನೇ ಹುಡುಗನಿಗೆ ಹೇಳಿದೆ. ಈಗ ಇಲ್ಲಿ ಬರೆದಿದ್ದೇನೆ. ಅತ್ತೆಗೆ ಫೋನ್ ನೋಡಲು ಬರುವುದಿಲ್ಲ, ದಯವಿಟ್ಟು ಯಾರೂ ಓದಿ ಹೇಳಬೇಡಿ.

ಅಕ್ಟೋಬರ್ ಸಿಸ್ಟರ್‌ಗಳಿಗೆ ಜಪಸರದ, ಅಂದರೆ ಮಣಿ ಎಣಿಸಿ ಪ್ರಾರ್ಥಿಸುವ ತಿಂಗಳು. ಶಾಲೆ ಬಿಟ್ಟ ಮೇಲೆ ಕ್ರೈಸ್ತ ಮಕ್ಕಳು ಮೇರಿ ಮಾತೆಯ ಗವಿಯ ಮುಂದೆ ಕೂತು ಪ್ರಾರ್ಥನೆ ಮಾಡುತ್ತಾರೆ. ಹುಡುಗನ ತರಗತಿಯಲ್ಲಿ ಅಂಥವರು ಆರೇ ಮಂದಿ. ಆಟೊ ಬರುವವರೆಗೆ ಇವನ ಕುರ್ಚಿಯೂ ಅಲ್ಲೇ. ಮನೆಗೆ ಬಂದು ಮಣಿಗಳ ಲೆಕ್ಕ ಒಪ್ಪಿಸಿದ. ಹತ್ತರ ಐದು ಗುಂಪು, ಮೊದಲಿಗೆ ಮೂರು, ಒಟ್ಟು ಐವತ್ಮೂರು ಸಲ ಮಾತೆಯ ಪ್ರಾರ್ಥನೆ ಅಂತೆ. ನಮ್ಮ ಅತ್ತೆ ತಮ್ಮ ರುದ್ರಾಕ್ಷಿ ಸರ ತೆಗೆದು, "ನಮ್ಮದು ನೂರಾ ಎಂಟು. ಅವರದು ಅಷ್ಟಕ್ಕೇ ಮುಗೀತೇನು?" ಅಂದರು. ಅದನ್ನು ಹುಡುಗ ಹೋಗಿ ಸಿಸ್ಟರಿಗೆ ಕೇಳಿಯೇಬಿಟ್ಟ. "ಅಜ್ಜಿಗೆ ಹೇಳು, ನಾವು ಎರಡು ಸಲ ಹೇಳ್ತೇವೆ" ಅಂತ ಉತ್ತರ ಬಂತು. ಅತ್ತೆಗೆ ಲೆಕ್ಕ ಸರಿ ಕಂಡಿತು.

ನವೆಂಬರ್ ತೀರಿಹೋದವರ ನೆನಪಿನ ತಿಂಗಳು. ಹೆಸರು ಬರೆದು ಹಾಕಲು ಚರ್ಚಿನ ಬಾಗಿಲಲ್ಲಿ ಒಂದು ಡಬ್ಬಿ ಇಡುತ್ತಾರೆ. ನಮ್ಮ ಹುಡುಗ ಅಜ್ಜನ ಹೆಸರು ಬರೆದು, ಕೆಳಗೆ ಹೋದ ವರ್ಷ ಲಾರಿಗೆ ಸಿಕ್ಕಿ ಸತ್ತ ನಮ್ಮ ನಾಯಿಯ ಹೆಸರೂ ಬರೆದಿದ್ದನಂತೆ. ಫಾದರ್ ಎರಡನ್ನೂ ಓದಿದರು ಅಂತ ಅವನು ಆಣೆ ಮಾಡಿ ಹೇಳುತ್ತಾನೆ. ನಿಜವೋ ಸುಳ್ಳೋ, ನಾನು ವಿಚಾರಿಸಲು ಹೋಗಿಲ್ಲ.

ತರಗತಿ ಟೀಚರ್ ನಮ್ಮ ಜಿಲ್ಲೆಯದೇ ಮುದಗಲ್ಲಿನವರು. ನೋವಿಗೆ ಅವನು ಕುಂಯ್‌ಗುಡುವಾಗ ತಮ್ಮ ಊರಿನ ಕತೆ ಹೇಳುತ್ತಿದ್ದರು. ಗೋವಾದಿಂದ ಪಾದ್ರಿಗಳು ನಡೆದು ಬಂದದ್ದು, 1557ರ ಹೊತ್ತಿಗೇ ಅಲ್ಲಿ ಚರ್ಚ್ ಇದ್ದದ್ದು, ಆಗ ಬಿಜಾಪುರದ ಸುಲ್ತಾನರ ಆಳ್ವಿಕೆ ಇದ್ದದ್ದು, ಊರಿನ ಕೋಟೆ, ಮೊಹರಂಗೆ ಎಲ್ಲ ಜಾತಿಯವರೂ ಸೇರುವುದು. ಈಗ ಕಾಲು ಪೂರ್ತಿ ಗಟ್ಟಿಯಾದ ಮೇಲೆ ಮುದಗಲ್ಲಿಗೆ ಕರೆದುಕೊಂಡು ಹೋಗು ಅಂತ ಅಪ್ಪನಿಗೆ ಗಂಟುಬಿದ್ದಿದ್ದಾನೆ. ಅಪ್ಪ ಹತ್ತಿ ಹಂಗಾಮು ಮುಗಿಯಲಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಅದೇ ವಾಯಿದೆ.

ಪಟ್ಟಿ ಬಿಚ್ಚಿದಾಗ ಕಾಲು ಒಣಗಿದ ತೊಗರಿ ಕಟ್ಟಿಗೆ ಹಾಗಿತ್ತು. ನೆಲಕ್ಕೆ ಊರಲು ಹೆದರಿಕೆ. ನಾನು ಗದರಿಸಿದೆ, ಅಪ್ಪ ಆಸೆ ತೋರಿಸಿದರು, ಆಗಲಿಲ್ಲ. ಶಾಲೆಯಲ್ಲಿ ಕ್ರಿಸ್ಮಸ್‌ಗೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವ ಕೆಲಸ ಶುರುವಾಯಿತು ನೋಡಿ, ಎಲ್ಲರೂ ಮಣ್ಣು ತರಲು, ಕಲ್ಲು ತರಲು ಓಡುವಾಗ ಇವನೂ ಗೋಡೆ ಹಿಡಿದು ಎದ್ದನಂತೆ. ತೆಂಗಿನ ಚಿಪ್ಪಿನಲ್ಲಿ ಜೋಳ ಬಿತ್ತಿ ಹಸಿರು ಬರಿಸಿದರು. ಚಿತ್ರದಲ್ಲಿ ಇರುವ ಹಾಗೆ ಮೇಲೆ ಹಿಮ ಬೇಕು ಅಂತ ಮಕ್ಕಳ ಹಟ. ರಾಯಚೂರಿನಲ್ಲಿ ಹಿಮ! ಡಿಸೆಂಬರ್‌ನಲ್ಲೂ ಮಧ್ಯಾಹ್ನ ಫ್ಯಾನ್ ಹಾಕುವ ಊರು ನಮ್ಮದು. ನಮ್ಮ ಮನೆಯವರು ಮಿಲ್ಲಿನಲ್ಲಿ ಕೇಳಿ ಒಂದು ಚೀಲ ಹತ್ತಿ ಕಳಿಸಿದರು. ಗೋದಲಿಯ ಗುಡ್ಡಕ್ಕೆ ಹತ್ತಿ ಹೊದಿಸಿದ್ದು ನಮ್ಮ ಹುಡುಗನೇ. ಪಕ್ಕದಲ್ಲಿ ರಟ್ಟಿನ ಮೇಲೆ ಅವನ ಕೈಬರಹದ ಬೋರ್ಡು: "ಹತ್ತಿ ಹತ್ತಬಾರದು". ಕಾರ್ಯಕ್ರಮಕ್ಕೆ ಬಂದವರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ಈಗ ಸ್ವಲ್ಪ ಕುಂಟುತ್ತಾನೆ. ಎರಡು ತಿಂಗಳಲ್ಲಿ ಸರಿಹೋಗುತ್ತದೆ ಅಂದಿದ್ದಾರೆ. ಮನೆಯಲ್ಲಿ ಸಿಸ್ಟರ ಹಾಗೆ "ಎಂತ, ಎಂತ" ಅನ್ನುವುದು ಮಾತ್ರ ಸರಿಹೋಗುವ ಲಕ್ಷಣ ಇಲ್ಲ.

ದುಡ್ಡಿನಲ್ಲಿ ತೀರಿಸುವ ಶಕ್ತಿ ನಮಗಿಲ್ಲ. ನನಗೆ ಬರುವುದು ಹೊಲಿಗೆ. ಟೀಚರುಗಳಿಗೆ, ಆಯಾ ಅಕ್ಕನಿಗೆ, ಅಡುಗೆ ಅಮ್ಮನಿಗೆ ಒಂದೊಂದು ಜಂಪರ್ ಹೊಲಿದು ಕೊಟ್ಟಿದ್ದೇನೆ. ದೊಡ್ಡ ಸಿಸ್ಟರ್ ತೊಡುವುದಿಲ್ಲ, ಅವರಿಗೆ ಗವಿಯ ಮುಂದೆ ಹಾಸಲು ಒಂದು ಕೌದಿ ಹೊಲಿಯುತ್ತಿದ್ದೇನೆ, ಅರ್ಧ ಆಗಿದೆ. ಒಂದನೇ ತರಗತಿ ಟೀಚರ್ ಮಾತ್ರ ಅಳತೆ ಜಂಪರ್ ಇನ್ನೂ ಕಳಿಸಿಲ್ಲ. ಮೂರು ಸಲ ಹೇಳಿ ಕಳಿಸಿದೆ, ನಾಳೆ ನಾಳೆ ಅನ್ನುತ್ತಾರೆ. ಸೋಮವಾರ ಟೇಪು ಹಿಡಿದು ನಾನೇ ಬರುತ್ತೇನೆ ಟೀಚರ್. ಮೇಲೆ ಬರುತ್ತೇನೆ, ನೀವು ಇಳಿಯಬೇಡಿ.