ಎರಿ ಹೊಲದ ದಾರಿ, ಹಳೇ ಊರಿನ ಗುಡಿ

ಧಾರವಾಡ
ಮಿರುಗದ ಮಳೆ ಹಿಡಿದ ವಾರ

ಚಿ. ಪ್ರವೀಣನಿಗೆ ಕಾಕಾನ ಆಶೀರ್ವಾದಗಳು.

ನಿಮ್ಮಪ್ಪನ ಹಳೇ ಸ್ಪ್ಲೆಂಡರ್ ಈಗ ನಿನ್ನ ಕೈಗೆ ಬಂದಿದೆ, ಈ ವರ್ಷ ಗದಗ–ಹಾವೇರಿ ಕಡೆಯ ಹಳೇ ಊರುಗಳನ್ನೆಲ್ಲ ತಿರುಗುತ್ತಾನಂತೆ ಎಂದು ವೈನಿ ಫೋನಿನಲ್ಲಿ ಹೇಳಿದರು. ನೀನು ಕಳಿಸಿದ ಪಟ್ಟಿಯನ್ನೂ ನೋಡಿದೆ. ಒಂದೇ ಭಾನುವಾರಕ್ಕೆ ಅಣ್ಣಿಗೇರಿ, ಗದಗ, ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರ! ಆಗುವುದಿಲ್ಲ ಅನ್ನುವುದಿಲ್ಲ, ಆಗುತ್ತದೆ. ಐದೂ ಗುಡಿಗಳ ಮುಂದೆ ಚಪ್ಪಲಿ ಬಿಡುವ ಜಾಗ ನೋಡಿಕೊಂಡು ಬರುತ್ತೀ, ಅಷ್ಟೇ. ಒಂದು ದಿನಕ್ಕೆ ಒಂದು ಊರು, ಹಾದಿಯಲ್ಲೇ ಸಿಕ್ಕರೆ ಇನ್ನೊಂದು. ಅದಕ್ಕಿಂತ ಹೆಚ್ಚು ಬೇಡ.

ಅದು ಸಣ್ಣ ಮಾತು. ದೊಡ್ಡದು ಏನೆಂದರೆ, ನಿನ್ನ ಪಟ್ಟಿಯಲ್ಲಿ ಊರಿನ ಹೆಸರಿದೆ, ಕಿಲೋಮೀಟರ್ ಇದೆ, ತಿಂಗಳು ಇಲ್ಲ. ನಮ್ಮ ಸೀಮೆಯಲ್ಲಿ ಯಾವ ಊರಿಗೆ ಯಾವಾಗ ಹೋಗಬೇಕೆಂದು ಹೇಳುವುದು ಮಣ್ಣು. ನವಲಗುಂದ, ಅಣ್ಣಿಗೇರಿ, ಗದಗ, ರೋಣ ಎಲ್ಲ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಆ ಮಣ್ಣು ಒಂದು ಒಳ್ಳೇ ಮಳೆಗೆ ನೀರು ಕುಡಿದು ಉಬ್ಬುತ್ತದೆ, ಅಂಟಾಗುತ್ತದೆ. ಹೊಲದ ದಾರಿಗೆ ಗಾಡಿ ಇಳಿಸಿದೆಯೋ, ಐವತ್ತು ಹೆಜ್ಜೆ ಹೋಗುವುದರೊಳಗೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ ಗಾಲಿ ಹಿಡಿದುಕೊಳ್ಳುತ್ತದೆ. ಮೊದಲು ಹಿಡಿಯುವುದು ಮುಂದಿನ ಗಾಲಿ, ಅಲ್ಲಿ ಸಂದು ಕಡಿಮೆ. ಆಗ ಎಕ್ಸಲೇಟರ್ ಕೊಟ್ಟು ಎಳೆಸಬೇಡ. ಹಿಂದಿನ ಗಾಲಿ ನಿಂತಲ್ಲೇ ತಿರುಗಿ ಇನ್ನಷ್ಟು ಹೂತುಕೊಳ್ಳುತ್ತದೆ, ಕ್ಲಚ್ ಪ್ಲೇಟು ಸುಟ್ಟ ವಾಸನೆ ಬರುತ್ತದೆ. ಇಳಿ, ಗಾಡಿ ಬಂದ್ ಮಾಡು, ಕಡ್ಡಿಯಿಂದ ಮಣ್ಣು ಕೆದರಿ ತೆಗೆ, ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳು. ಮುಂದೆ ದಾರಿ ಚಲೋ ಇರಬಹುದು ಎಂಬ ಆಸೆ ಎರಿ ಹೊಲದಲ್ಲಿ ಇಟ್ಟುಕೊಳ್ಳಬಾರದು. ಮನೆಗೆ ಬಂದ ಮೇಲೆ ಅದೇ ದಿನ ತೊಳೆ. ಒಣಗಿದರೆ ಅರಗಳಿಗೂ ಬ್ರೇಕ್ ಡ್ರಮ್ಮಿನ ಅಂಚಿಗೂ ಗಟ್ಟಿಯಾಗಿ ಕೂತು, ಗಾಲಿ ಒಂದು ಕಡೆ ಭಾರವಾಗಿ ಹ್ಯಾಂಡಲ್ ನಡುಗುತ್ತದೆ.

ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಾಂಬರು ಗುಡಿಯ ಬಾಗಿಲಿನ ತನಕ ಹೋಗುವ ಊರುಗಳನ್ನೇ ಇಟ್ಟುಕೋ. ಹುಬ್ಬಳ್ಳಿಯಲ್ಲೇ ಉಣಕಲ್ಲಿನ ಚಂದ್ರಮೌಳೇಶ್ವರ ಇದೆ. ನಾಲ್ಕು ದಿಕ್ಕಿಗೂ ತೆರೆದುಕೊಂಡ ಗುಡಿ. ಕೆರೆ ನೋಡಲು ಹೋಗುವ ಮಂದಿ ಅದರತ್ತ ತಿರುಗಿಯೂ ನೋಡುವುದಿಲ್ಲ. ಅಣ್ಣಿಗೇರಿಯ ಅಮೃತೇಶ್ವರ, ಗದಗಿನ ತ್ರಿಕೂಟೇಶ್ವರ ಮತ್ತು ವೀರನಾರಾಯಣ, ಹಾವೇರಿಯ ಸಿದ್ಧೇಶ್ವರ, ಇವೂ ಮಳೆಗಾಲಕ್ಕೆ ಸರಿ. ಗಳಗನಾಥ, ಹರಳಹಳ್ಳಿ, ಚೌಡಯ್ಯದಾನಪುರಗಳನ್ನು ಈಗ ಮುಟ್ಟಬೇಡ. ಮೂರೂ ತುಂಗಭದ್ರೆಯ ದಂಡೆಯ ಊರುಗಳು, ಗಳಗನಾಥದಲ್ಲಿ ವರದೆಯೂ ಬಂದು ಕೂಡುತ್ತಾಳೆ. ಜುಲೈ–ಆಗಸ್ಟಿನಲ್ಲಿ ಮಲೆನಾಡಿನಲ್ಲಿ ಮಳೆ ಜೋರಾದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ.

ಇನ್ನೊಂದು, ಬೆಣ್ಣಿಹಳ್ಳ. ಹೆಸರು ಮೆತ್ತಗಿದೆ, ಹಳ್ಳ ಮೆತ್ತಗಿಲ್ಲ. ಸುತ್ತಲಿನ ಎರಿ ಭೂಮಿ ಒಮ್ಮೆ ತೊಯ್ದಿತೆಂದರೆ ಆಮೇಲಿನ ಮಳೆಯನ್ನು ಇಂಗಿಸಿಕೊಳ್ಳುವುದಿಲ್ಲ, ಅಷ್ಟೂ ನೀರು ಹಳ್ಳಕ್ಕೇ ಬರುತ್ತದೆ. ಶಿಗ್ಗಾವಿ ಕಡೆ ಮಳೆಯಾದರೆ ನವಲಗುಂದ ಸೀಮೆಯಲ್ಲಿ ಸೇತುವೆ ಮುಳುಗುತ್ತದೆ. ನೀರು ಹರಿಯುವ ಸಣ್ಣ ಸೇತುವೆಯ ಮೇಲೆ ಟ್ರ್ಯಾಕ್ಟರ್ ಹೋಯಿತೆಂದು ನೀನು ಹೋಗಬೇಡ. ಅದರ ತೂಕವೇ ಬೇರೆ, ನಿನ್ನ ಗಾಡಿಯ ತೂಕವೇ ಬೇರೆ. ಕೆಂಪು ನೀರಿನ ಕೆಳಗೆ ಡಾಂಬರು ಉಳಿದಿದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ಕಾಣುವುದಿಲ್ಲ.

ಗಾಳಿಯ ಮಾತೂ ಇದೆ. ಗದಗಿನಿಂದ ಡಂಬಳ, ಮುಂಡರಗಿ ಕಡೆ ಕಪ್ಪತಗುಡ್ಡದ ಬದಿಗೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಅಲ್ಲಿ ಪಡುವಣ ಗಾಳಿ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಲಾರಿಯ ಮಗ್ಗುಲಿಗೆ ಬಂದಾಗ ಗಾಳಿ ತಟಕ್ಕನೆ ನಿಲ್ಲುತ್ತದೆ, ಲಾರಿ ದಾಟಿದ ಕೂಡಲೇ ಒಮ್ಮೆಲೇ ಬಡಿಯುತ್ತದೆ. ಅಲ್ಲಿ 50ರ ಮೇಲೆ ಹೋಗಬೇಡ, ರಸ್ತೆಯ ಅಂಚಿಗೆ ಅಂಟಿಕೊಂಡೂ ಹೋಗಬೇಡ.

ಈಗ ಗಾಡಿಯ ಮಾತಿಗೆ ಬರುತ್ತೇನೆ. ಗ್ಯಾರೇಜಿನವರು ಮಾಡುತ್ತಾರೆ ಎಂದು ಬಿಡುವಂಥ ಕೆಲಸಗಳಲ್ಲ ಇವು, ಹೊರಡುವ ಹಿಂದಿನ ಸಂಜೆ ನೀನೇ ಮಾಡಬೇಕು. ಡಬಲ್ ಸ್ಟ್ಯಾಂಡ್ ಹಾಕಿ ಎಂಜಿನ್ ಎರಡು ಮೂರು ನಿಮಿಷ ಓಡಿಸಿ ಬಂದ್ ಮಾಡಿ, ಮತ್ತೆರಡು ನಿಮಿಷ ಬಿಟ್ಟು ಆಯಿಲ್ ನೋಡು. ಕಡ್ಡಿಯನ್ನು ಒರೆಸಿ, ತೂತಿನೊಳಗೆ ಬರೇ ಇಟ್ಟು ತೆಗೆಯಬೇಕು. ತಿರುವಿ ಬಿಗಿ ಮಾಡಿ ತೆಗೆದರೆ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಹಳೇ ಗಾಡಿ ಆಯಿಲ್ ಕುಡಿಯುತ್ತದೆ, ದಿನವಿಡೀ ಓಡಿದರೆ ಇನ್ನೂ ಹೆಚ್ಚು. ಚೇನ್ ಕವರಿನ ಕೆಳಗೆ ಒಂದು ರಬ್ಬರ್ ಮುಚ್ಚಳವಿದೆ. ಅದನ್ನು ತೆಗೆದು ಬೆರಳಿನಿಂದ ಚೇನ್ ಎತ್ತಿ ನೋಡು, ಎರಡರಿಂದ ಮೂರು ಸೆಂಟಿಮೀಟರ್ ಆಡಬೇಕು. ಗಾಲಿ ತಿರುಗಿಸಿ ನಾಲ್ಕು ಕಡೆ ನೋಡು, ಯಾಕೆಂದರೆ ಸವೆದ ಚೇನ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇರುತ್ತದೆ. ಬಿಗಿ ಇದ್ದ ಕಡೆಗೇ ಅಳತೆ ಇಟ್ಟುಕೋ. ಬಹಳ ಬಿಗಿ ಮಾಡಿದರೆ ಗಾಲಿಯ ಬೇರಿಂಗ್ ಹೋಗುತ್ತದೆ, ಹಂಪ್ ಹಾರುವಾಗ ಚೇನೂ ಕಡಿಯಬಹುದು. ಆ ಮುಚ್ಚಳ ಕಳೆದಿದ್ದರೆ ಮೊದಲು ಅದನ್ನು ಹಾಕಿಸು, ಇಲ್ಲವಾದರೆ ಎರಿ ಮಣ್ಣು ಅಲ್ಲಿಂದಲೇ ಒಳಗೆ ಹೋಗುತ್ತದೆ.

ಹಿಂದಿನ ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು, ಡ್ರಮ್ಮಿನ ತಟ್ಟೆಯ ಮೇಲಿನ ಬಾಣದ ಗುರುತು ನೋಡು. ಅದು ಪಕ್ಕದ ಗೀರಿಗೆ ಕೂಡಿದರೆ ಲೈನರ್ ಮುಗಿದಿದೆ. ನಟ್ಟು ಬಿಗಿ ಮಾಡಿ ದಿನ ತಳ್ಳಬೇಡ. ನೀರಿನಲ್ಲಿ ಹಾದು ಬಂದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಹಗುರಕ್ಕೆ ಒತ್ತಿಕೊಂಡೇ ಹೋಗಿ ಒಣಗಿಸು. ಟೈರಿನ ಗಾಳಿ ಒಬ್ಬನೇ ಇದ್ದರೆ ಮುಂದೆ 25, ಹಿಂದೆ 28 ಪಿಎಸ್‌ಐ. ಇಬ್ಬರಾದರೆ ಹಿಂದಿನ ಗಾಲಿಗೆ ಕಂಪನಿಯ ಪುಸ್ತಕದಲ್ಲಿ ಇದ್ದಷ್ಟು ಹೆಚ್ಚಿಸು. ಕ್ಲಚ್ ವೈರು ಸಾಮಾನ್ಯವಾಗಿ ಹರಿಯುವುದು ಹ್ಯಾಂಡಲ್ಲಿನ ಹತ್ತಿರ, ಗುಂಡು ಕೂರುವ ಜಾಗದಲ್ಲಿ. ಒಂದೆರಡು ಎಳೆ ಬಿಟ್ಟಿರುವುದು ಕಂಡರೆ ಆಗಲೇ ಬದಲಿಸು. ಹೊಸ ವೈರನ್ನು ಹಳೆಯದರ ಪಕ್ಕಕ್ಕೇ ಹಾಯಿಸಿ ಟೇಪಿನಿಂದ ಕಟ್ಟಿಟ್ಟುಕೊಂಡರೆ, ದಾರಿಯಲ್ಲಿ ಹರಿದಾಗ ಎರಡು ತುದಿ ಸೇರಿಸಿದರೆ ಸಾಕು.

ಪೆಟ್ರೋಲ್ ನಳ ರಿಸರ್ವಿಗೆ ತಿರುವಿದ್ದರೆ, ತುಂಬಿಸಿದ ಕೂಡಲೇ ಆನ್‌ಗೆ ತಂದಿಡು. ಎಷ್ಟೋ ಮಂದಿ ಮರೆತು, ಮುಂದಿನ ಸಲ ರಿಸರ್ವೂ ಖಾಲಿಯಾಗಿ ಗಾಡಿ ತಳ್ಳುತ್ತಾರೆ.

ಸಾಮಾನು ಜಾಸ್ತಿ ಬೇಡ: 2.75–18ರ ಒಂದು ಟ್ಯೂಬು, ಟೈರ್ ಬಿಚ್ಚುವ ಎರಡು ಲಿವರ್, ಕಾಲಿನ ಪಂಪು, ಒಂದು ಪ್ಲಗ್ಗು ಮತ್ತು ಅದರ ಪಾನಾ, ಹಿಂದಿನ ಆಕ್ಸಲ್ ನಟ್ಟಿಗೆ ಕೂಡುವ ಪಾನಾ, ಬೈಂಡಿಂಗ್ ತಂತಿ, ಅಂಗೈಯಗಲದ ಒಂದು ತಗಡು. ತಗಡು ಸೈಡ್ ಸ್ಟ್ಯಾಂಡಿನ ಕೆಳಗೆ ಇಡಲು, ಇಲ್ಲವಾದರೆ ಮೆತ್ತನೆ ನೆಲದಲ್ಲಿ ಸ್ಟ್ಯಾಂಡ್ ಇಳಿದು ನೀನು ಗುಡಿಯೊಳಗಿದ್ದಾಗ ಗಾಡಿ ಮಲಗಿರುತ್ತದೆ. ಪಂಚರ್ ಹೆಚ್ಚಾಗಿ ಜಾಲಿಮುಳ್ಳಿನಿಂದಲೇ. ಟ್ಯೂಬ್ ಬದಲಿಸುವ ಮುಂಚೆ ಒಂದು ಅರಿವೆ ಹಿಡಿದು ಟೈರಿನ ಒಳಗೆಲ್ಲ ಸುತ್ತ ಒರೆಸು. ಮುಳ್ಳಿನ ಮುರಿದ ತುದಿ ಅಲ್ಲೇ ಉಳಿದಿದ್ದರೆ ಅರಿವೆಗೆ ಸಿಗುತ್ತದೆ. ಅದನ್ನು ಬಿಟ್ಟು ಹೊಸ ಟ್ಯೂಬ್ ಹಾಕಿದವರು ಎರಡು ಕಿಲೋಮೀಟರಿಗೆ ಮತ್ತೆ ಕೂರುತ್ತಾರೆ.

ಸೀಗಿ ಹುಣ್ಣಿಮೆಯ ಹೊತ್ತಿಗೆ ಮಳೆ ಕಡಿಮೆಯಾಗಿ ಹಸಿರು ಇನ್ನೂ ಇರುತ್ತದೆ. ನೋಡಲು ಬಹಳ ಚಂದ, ಓಡಿಸಲು ಅಷ್ಟು ಚಂದ ಅಲ್ಲ. ಹಾವೇರಿ ಕಡೆ ಗೋವಿನಜೋಳದ ರಾಶಿ ರಸ್ತೆಗೆ ಬರುತ್ತದೆ. ಅರ್ಧ ಡಾಂಬರಿನ ಮೇಲೆ ಕಾಳು ಒಣಹಾಕಿ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಒತ್ತುವುದೂ ಬೇರಿಂಗ್ ಗುಂಡುಗಳ ಮೇಲೆ ಒತ್ತುವುದೂ ಒಂದೇ. ಕೆಲವು ಕಡೆ ಹುರುಳಿ ಹೊಟ್ಟನ್ನೂ ಬಳ್ಳಿಯನ್ನೂ ಗಾಡಿಗಳು ತುಳಿಯಲಿ ಎಂದು ರಸ್ತೆಯ ತುಂಬ ಹರಡುತ್ತಾರೆ. ಬಳ್ಳಿ ಹಿಂದಿನ ಗಾಲಿಗೆ ಸುತ್ತಿಕೊಳ್ಳುತ್ತದೆ, ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿಯೂ ಹತ್ತುತ್ತದೆ. ದಾಟಿದ ಮೇಲೆ ನಿಂತು ಕಿತ್ತು ತೆಗೆ. ರೈತರ ಮೇಲೆ ಸಿಟ್ಟಾಗಬೇಡ, ಕಣ ಮಾಡಲು ಜಾಗವಿಲ್ಲ ಅವರಿಗೆ. ಸಂಜೆ ಕತ್ತಲಾಗುವ ಮುಂಚೆ ಮನೆ ಸೇರುವಂತೆ ಹೊರಡು: ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರು, ಬಣ್ಣ ಹೊಡೆಯದ ಹಂಪು, ಈ ಎರಡು ಬೀಳಿಸಿದಷ್ಟು ಮಂದಿಯನ್ನು ವೇಗವೂ ಬೀಳಿಸಿಲ್ಲ.

ನವೆಂಬರ್‌ನಿಂದ ಫೆಬ್ರವರಿ, ಅದೇ ನಿನ್ನ ಕಾಲ. ಹೊಳೆ ದಂಡೆಯ ಊರುಗಳು, ಡಂಬಳ, ರೋಣದ ಆಚೆಯ ಸೂಡಿ, ಕುಕನೂರು, ಇಟಗಿ ಎಲ್ಲ ಆಗ. ಗುಡಿ ನೋಡುವುದಕ್ಕೂ ಆಗಲೇ ಸರಿ, ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬೆಳಕು ಹೊತ್ತಾದರೂ ಓರೆಯಾಗಿಯೇ ಬೀಳುತ್ತದೆ. ಗುಡಿ ಯಾವ ಕಡೆ ಮುಖ ಮಾಡಿದೆ ಎಂದು ತಿಳಿದು ಹೊತ್ತು ಗೊತ್ತು ಮಾಡು. ಲಕ್ಕುಂಡಿಯ ಕಾಶಿವಿಶ್ವೇಶ್ವರನಿಗೆ ಬೆಳಗಿನ ಎಂಟರ ಒಳಗೆ ಹೋಗು. ಶಿವನ ಗುಡಿ ಪೂರ್ವಕ್ಕೆ ನೋಡುತ್ತದೆ, ಅದಕ್ಕೆ ಎದುರಾಗಿ ಸೂರ್ಯನ ಚಿಕ್ಕ ಗುಡಿ ಪಶ್ಚಿಮಕ್ಕೆ. ಹಾವೇರಿಯ ಸಿದ್ಧೇಶ್ವರ ಪಶ್ಚಿಮಮುಖಿ, ಅದಕ್ಕೆ ಸಂಜೆ ನಾಲ್ಕರ ಮೇಲೆ ಹೋಗು.

ಲಕ್ಕುಂಡಿಗೆ ಪೂರ್ತಿ ದಿನ ಕೊಡು. ಗದಗಿನಿಂದ ಹನ್ನೆರಡು ಕಿಲೋಮೀಟರ್ ಅಷ್ಟೇ, ಅದಕ್ಕೇ ಎಲ್ಲರೂ ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಅತ್ತಿಮಬ್ಬೆ 1007ರ ಸುಮಾರಿಗೆ ಕಟ್ಟಿಸಿದ ಬ್ರಹ್ಮಜಿನಾಲಯವನ್ನು ಮೊದಲು ನೋಡು, ಕಾಶಿವಿಶ್ವೇಶ್ವರ ಆಮೇಲೆ. ಬಾದಾಮಿ, ಐಹೊಳೆಯ ಕೆಂಪು ಮರಳುಗಲ್ಲು ಬಿಟ್ಟು ಈ ಸೀಮೆಯ ಕುಶಲಿಗರು ಬಳಪದ ಕಲ್ಲಿಗೆ ಕೈಹಾಕಿದ ಮೊದಮೊದಲ ಕೆಲಸ ಆ ಜಿನಾಲಯ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು. ಜಿನಾಲಯದ ಗೋಡೆ ಹೆಚ್ಚುಕಡಿಮೆ ಬರಿದಾಗಿದೆ, ಕಾಶಿವಿಶ್ವೇಶ್ವರನ ಬಾಗಿಲುವಾಡದಲ್ಲಿ ಬೆರಳಿಡಲು ಬರಿ ಜಾಗವಿಲ್ಲ. ಕಂಬದ ಹತ್ತಿರ ನಿಂತು ಕಣ್ಣನ್ನು ಕಂಬದ ಮಗ್ಗುಲಿಗೆ ತಂದು ನೋಡು: ತಿರುಗಣಿಯಲ್ಲಿ ಕಡೆದ ಸುತ್ತುಗೆರೆ ಸಣ್ಣಗೆ ಕಾಣುತ್ತದೆ. ಮಣಿಕೇಶ್ವರದ ಮುಸುಕಿನ ಬಾವಿಯ ಮೆಟ್ಟಿಲು ಮಳೆಗಾಲದಲ್ಲಿ ಪಾಚಿಗಟ್ಟಿರುತ್ತವೆ, ಚಳಿಗಾಲಕ್ಕೇ ಇಳಿ. ಡಂಬಳದ ದೊಡ್ಡಬಸಪ್ಪನ ಗುಡಿಯನ್ನು ಹೊರಗಿನಿಂದ ಸುತ್ತು ಹಾಕಿಯೇ ನೋಡಬೇಕು. ಗರ್ಭಗುಡಿಯ ತಳ 24 ಮೂಲೆಯ ನಕ್ಷತ್ರ, ಎಣಿಸುತ್ತಾ ಹೋದರೆ ಮಾತ್ರ ಅದರ ಲೆಕ್ಕಾಚಾರ ತಲೆಗೆ ಹತ್ತುತ್ತದೆ. 1112ರ ಇಟಗಿ ಮಹಾದೇವನನ್ನು ಇವೆರಡನ್ನೂ ನೋಡಿದ ಮೇಲೆ ನೋಡು, ಮುಂಚೆ ನೋಡಿದರೆ ಉಳಿದವು ಸಪ್ಪೆ ಅನ್ನಿಸುತ್ತವೆ.

ಶಾಸನಕ್ಕೆ ಸೀಮೆಸುಣ್ಣ, ಎಣ್ಣೆ, ನೀರು ಏನೂ ಹಚ್ಚಬೇಡ. ಮೊಬೈಲಿನ ಬ್ಯಾಟರಿ ಬೆಳಕನ್ನು ಕಲ್ಲಿಗೆ ತಾಗುವಷ್ಟು ಹತ್ತಿರ, ಪಕ್ಕದಿಂದ ಹಿಡಿ, ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಬರುತ್ತದೆ. ಶಕವರ್ಷ ಇದ್ದರೆ 78 ಕೂಡಿಸು. ತಿಥಿ ಪುಷ್ಯದ ಕೊನೆಯದೋ ಮಾಘ, ಫಾಲ್ಗುಣದ್ದೋ ಆದರೆ 79. ಚಾಳುಕ್ಯ ವಿಕ್ರಮ ವರ್ಷ ಎಂದಿದ್ದರೆ 1075 ಕೂಡಿಸು, ಆರನೇ ವಿಕ್ರಮಾದಿತ್ಯ 1076ರಲ್ಲಿ ಶುರುಮಾಡಿದ ಎಣಿಕೆ ಅದು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದು: ಕೆಳಗೆ ಕಾಳಗ ಅಥವಾ ದನ ಹಿಡಿದೊಯ್ಯುವ ತುರುಗೋಳು, ನಡುವೆ ಅಪ್ಸರೆಯರು ಒಯ್ಯುವುದು, ಮೇಲೆ ಲಿಂಗದ ಮುಂದೆ ವೀರ. ಇಂಥ ಕಲ್ಲುಗಳು ಗುಡಿಯೊಳಗಿಗಿಂತ ಹೊರಗೆ, ಹನುಮಪ್ಪನ ಕಟ್ಟೆಗೆ ಒರಗಿಯೋ ಕಾಳು ತುಂಬಿಡುವ ಹಗೇವಿನ ಪಕ್ಕದಲ್ಲೋ ಹೆಚ್ಚು ಸಿಗುತ್ತವೆ. ಕೇಳದೆ ಯಾರ ಹಿತ್ತಲಿಗೂ ಹೋಗಬೇಡ. ಕಟ್ಟೆಯ ಮೇಲೆ ಕುಂತ ಹಿರಿಯರ ಹತ್ತಿರ ಗುಡಿಯನ್ನು ಊರವರು ಕರೆಯುವ ಹೆಸರಿನಿಂದಲೇ ಕೇಳು. ಬಂಕಾಪುರದ ಕೋಟೆಯಲ್ಲಿ ನಗರೇಶ್ವರ ಎಂದರೆ ತಲೆ ಕೆರೆದುಕೊಳ್ಳುವವರು ಅರವತ್ತು ಕಂಬದ ಗುಡಿ ಎಂದರೆ ದಾರಿಯವರೆಗೂ ಬರುತ್ತಾರೆ. ಆ ಕೋಟೆಯೊಳಗೆ ನವಿಲುಧಾಮವಿದೆ, ಹಾರ್ನ್ ಹೊಡೆಯಬೇಡ.

ಲಕ್ಷ್ಮೇಶ್ವರದ ಸೋಮೇಶ್ವರ, ಶಂಖಬಸದಿ ನೋಡುವ ದಿನ ಮಾಗಡಿ ಕೆರೆಗೂ ಹೋಗಿ ಬಾ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಕೆರೆಗೆ ಜೌಗುನೆಲಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್‌ಸರ್ ಮನ್ನಣೆಯೂ ಸಿಕ್ಕಿದೆ. ಗಾಡಿಯನ್ನು ದೂರ ನಿಲ್ಲಿಸಿ ನಡೆದು ಹೋಗು. ಎಳ್ಳಮಾಸೆಯ ದಿನ ಮಾತ್ರ ಗುಡಿಯ ಆಸೆ ಬಿಡು. ಊರಿಗೆ ಊರೇ ಭೂತಾಯಿಗೆ ಎಡೆಯ ಚರಗ ಚೆಲ್ಲಲು ಹೊಲದಲ್ಲಿರುತ್ತದೆ, ಬೀಗ ಹಾಕಿದ ಗುಡಿಯ ಕೀಲಿ ಇಟ್ಟುಕೊಂಡವರೂ ಅಲ್ಲೇ. ಕರೆದರೆ ಕುಂತು ಉಣ್ಣು, ಹೊಟ್ಟೆ ತುಂಬಿದೆ ಎಂದು ಎದ್ದು ಬರಬೇಡ.

ಮಾರ್ಚ್ ಮುಗಿದ ಮೇಲೆ ಬೆಳಿಗ್ಗೆ ಐದೂವರೆಗೆ ಬಿಟ್ಟು ಹತ್ತರೊಳಗೆ ನೆರಳು ಸೇರುವಂಥ ಸಣ್ಣ ಸವಾರಿ ಮಾತ್ರ. ಹಾನಗಲ್ಲಿನ ತಾರಕೇಶ್ವರ ಅದಕ್ಕೆ ಸರಿ, ಮಂಟಪದ ಭುವನೇಶ್ವರಿಯ, ಅಂದರೆ ಕೆತ್ತಿದ ಒಳಮಾಡಿನ, ತಾವರೆಯನ್ನು ತಣ್ಣನೆ ಕಲ್ಲಿನ ಮೇಲೆ ಕುಂತು ನಿಧಾನಕ್ಕೆ ನೋಡಬಹುದು. ಬಿಸಿಲಲ್ಲಿ ಕಲ್ಲಿನ ಅಂಗಳ ಬರಿಗಾಲಿಗೆ ಸುಡುತ್ತದೆ, ಕಾಲುಚೀಲ ಇಟ್ಟುಕೋ. ನೀರು ಎರಡು ಲೀಟರ್. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೋ. ಗಟ್ಟಿ ಮೊಸರು ಬೇಡ. ಮಧ್ಯಾಹ್ನದೊಳಗೆ ಹುಳಿಯಾಗಿ ಚೀಲವೆಲ್ಲ ಆಗುತ್ತದೆ.

ಈ ವಾರ ಮಳೆ ಬಿಡುವು ಕೊಟ್ಟರೆ ಉಣಕಲ್ಲಿನಿಂದ ಶುರುಮಾಡು, ಮುಂದಿನ ತಿಂಗಳು ಅಣ್ಣಿಗೇರಿ. ಪಟ್ಟಿಯನ್ನು ತಿಂಗಳು ಹಾಕಿ ಮತ್ತೆ ಬರೆದು ಕಳಿಸು, ಅದರ ಜೊತೆಗೆ ಚೇನ್ ಎಷ್ಟು ಆಡುತ್ತದೆ ಎಂಬುದನ್ನೂ ಬರೆ. ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಂಡೇ ಓಡಿಸು. ನಿಮ್ಮ ಕಾಕು ನೆನಪು ಹೇಳಿದ್ದಾಳೆ.

ನಿನ್ನ
ಕಾಕಾ