ಶಾಸಕರೇ, ಈ ಸಲದ ಹುಟ್ಟುಹಬ್ಬಕ್ಕೆ ಬೇರೆ ಜಾಗ ನೋಡಿಕೊಳ್ಳಿ

ಮಾನ್ಯ ಶಾಸಕರಿಗೆ,

ನಮಸ್ಕಾರಗಳು. ನಮ್ಮ ಬಡಾವಣೆಯ ಉದ್ಯಾನದೊಳಗಿರುವ ಸ್ಕೇಟಿಂಗ್ ರಿಂಕಿನ ವಿಚಾರವಾಗಿ ನಿಮ್ಮ ಕಚೇರಿಗೆ ಕೊಟ್ಟ ಅರ್ಜಿಗಳು ಏನಾದವೋ ನನಗೆ ತಿಳಿಯದು. ವಾರ್ಡ್ ಕಚೇರಿಗೆ ಕೊಟ್ಟವುಗಳನ್ನು "ಮೇಲಕ್ಕೆ ಕಳುಹಿಸಿದ್ದೇವೆ" ಎಂದರು. ಎಷ್ಟು ಮೇಲಕ್ಕೆ ಎಂದು ಕೇಳಿದೆ. ಗುಮಾಸ್ತರು ತಲೆಯೆತ್ತಿ ಫ್ಯಾನ್ ನೋಡಿದರು. ಕಾರ್ಪೊರೇಟರ್ ಎಂಬುವರೊಬ್ಬರು ಇದ್ದಿದ್ದರೆ ಅವರ ಮನೆಯ ಗೇಟಿನ ಮುಂದಾದರೂ ನಿಲ್ಲಬಹುದಿತ್ತು. ಬೆಂಗಳೂರಿನಲ್ಲಿ ಅವರ ಅವಧಿ 2020ರ ಸೆಪ್ಟೆಂಬರಿನಲ್ಲಿಯೇ ಮುಗಿದುಹೋಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು, ಬೋರ್ಡುಗಳಿಗೆ ಹೊಸ ಬಣ್ಣ ಬಂತು, ರಿಂಕಿನ ಗುಂಡಿಗಳು ಇದ್ದ ಹಾಗೆಯೇ ಇವೆ. ಹಾಗಾಗಿ ನಮಗೆ ಉಳಿದಿರುವವರು ನೀವೊಬ್ಬರೇ.

ಕೇಳಿಕೆ ದೊಡ್ಡದೇನಲ್ಲ. ರಿಂಕಿನ ನೆಲ ಸರಿಮಾಡಿಸಿ. ಅದರ ಮೇಲೆ ಶಾಮಿಯಾನ ಹಾಕಲು ಯಾರಿಗೂ ಕೊಡಬೇಡಿ, ನಿಮ್ಮವರಿಗೂ ಸೇರಿದಂತೆ.

ನನ್ನ ಮಗಳಿಗೆ ಹದಿಮೂರು ವರ್ಷ. ಅವಳು ಫಿಗರ್ ಸ್ಕೇಟರ್. ಈ ಮಾತನ್ನು ನಿಮ್ಮ ಆಪ್ತ ಸಹಾಯಕರಿಗೆ ಹೇಳಿದಾಗ ಅವರು, "ಬೆಂಗಳೂರಿನಲ್ಲಿ ಐಸ್ ಎಲ್ಲಿದೆ ಅಮ್ಮ, ಫ್ರಿಜ್ಜಿನಲ್ಲಿಯೇ?" ಎಂದು ನಕ್ಕರು. ಅಲ್ಲಿದ್ದ ನಾಲ್ಕೈದು ಜನರೂ ನಕ್ಕರು. ಐಸ್ ಮೇಲೆ ಆಡುವ ಆಟವನ್ನೇ ನಾಲ್ಕು ಚಕ್ರದ ಸ್ಕೇಟ್ ಕಟ್ಟಿಕೊಂಡು ನೆಲದ ಮೇಲೆ ಆಡುತ್ತಾರೆ, ಆರ್ಟಿಸ್ಟಿಕ್ ಸ್ಕೇಟಿಂಗ್ ಎನ್ನುತ್ತಾರೆ. ಸಾಲ್ಕೊ, ಲುಟ್ಜ್, ಆಕ್ಸೆಲ್ ಎಂದು ಜಿಗಿತಗಳ ಹೆಸರೂ ಅವೇ. ಹೈದರಾಬಾದಿನ ಅನೂಪ್ ಕುಮಾರ್ ಯಾಮ ಇದೇ ಆಟದಲ್ಲಿ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಒಬ್ಬರೇ ಆಡಿ ಒಂದು, ಅವನಿ ಪಂಚಾಲ್ ಅವರ ಜೊತೆ ಆಡಿ ಇನ್ನೊಂದು ಕಂಚಿನ ಪದಕ ತಂದರು. ಸರ್ಕಾರ ಅವರಿಗೆ 2015ರಲ್ಲಿ ಅರ್ಜುನ ಪ್ರಶಸ್ತಿ ಕೊಟ್ಟಿತು. ಫ್ರಿಜ್ಜಿನಲ್ಲಿ ಆಡಿದ್ದಕ್ಕಲ್ಲ.

ಐಸ್‌ನವರು 1990ರ ನಂತರ ಕೈಬಿಟ್ಟ ಒಂದು ವಿಭಾಗ ಚಕ್ರದ ಮೇಲೆ ಇನ್ನೂ ಉಳಿದಿದೆ. ನೆಲದ ಮೇಲೆ ಆರು ಮೀಟರ್ ವ್ಯಾಸದ ವೃತ್ತಗಳನ್ನು ಬಣ್ಣದಲ್ಲಿ ಬರೆದಿರುತ್ತಾರೆ. ಒಂಟಿ ಕಾಲಿನಲ್ಲಿ ಆ ಗೆರೆ ಬಿಡದೆ ಸುತ್ತಬೇಕು, ತೀರ್ಪುಗಾರರ ಕಣ್ಣು ಚಕ್ರದ ಮೇಲೆಯೇ ಇರುತ್ತದೆ. ನೋಡುವವರಿಗೆ ಬೇಸರದ ಆಟ, ನಿಜ. ನನಗೂ ಮೊದಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಅದನ್ನು ಕಲಿತ ಮಗುವಿನ ಕಾಲು ಹೇಗೆ ನಿಲ್ಲುತ್ತದೆ ಎಂಬುದನ್ನು ನೋಡಿದರೆ ತಿಳಿಯುತ್ತದೆ. ನಮ್ಮ ರಿಂಕಿನ ವೃತ್ತಗಳನ್ನು ಕೋಚ್ ತಮ್ಮ ಕೈಯಿಂದ ಹಣ ಹಾಕಿ, ನಡುವೆ ಮೊಳೆ ಹೊಡೆದು, ದಾರ ಕಟ್ಟಿ, ಮಂಡಿಯೂರಿ ಬರೆದಿದ್ದರು.

ಈ ಆಟಕ್ಕೆ ನಮ್ಮಂಥವರ ಮನೆಯಲ್ಲಿ ಏನೇನು ಹೋಗುತ್ತದೆ ಎಂಬುದು ನಿಮಗೆ ಬೇಡದ ವಿಷಯ ಇರಬಹುದು, ಆದರೂ ಓದಿ. ನನ್ನ ಯಜಮಾನರು ಆಟೊ ಓಡಿಸುತ್ತಾರೆ, ನಾನು ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಇಟಲಿಯಲ್ಲಿ ತಯಾರಾದ ಸ್ಕೇಟ್ ಬೇಕೆಂದಾಗ ನನ್ನ ಬಳೆಗಳು ಗಿರವಿ ಅಂಗಡಿಗೆ ಹೋದವು. ಬೆಳೆಯುವ ಮಗು, ವರ್ಷ ತುಂಬುವಷ್ಟರಲ್ಲಿ ಬೂಟು ಬಿಗಿಯಾಗುತ್ತದೆ. ಅವಳು ಹೇಳುವುದಿಲ್ಲ. ಹೆಬ್ಬೆರಳ ಉಗುರು ಕಪ್ಪಾಗಿರುವುದನ್ನು ನಾನೇ ನೋಡಿ ತಿಳಿಯಬೇಕು. ಸ್ಪರ್ಧೆಯ ಉಡುಪನ್ನು ನಾನೇ ಹೊಲಿಯುತ್ತೇನಾದ್ದರಿಂದ ಆ ಖರ್ಚೊಂದು ಉಳಿಯುತ್ತದೆ. ಚಿಕ್ಕಪೇಟೆಯಿಂದ ಹಿಗ್ಗುವ ಬಟ್ಟೆ ತಂದು, ಗಿರಾಕಿಗಳ ಕೆಲಸ ಮುಗಿಸಿ, ರಾತ್ರಿ ಕುಳಿತು ಕಲ್ಲುಗಳನ್ನು ಅಂಟಿಸುತ್ತೇನೆ. ಇಷ್ಟು ಸಣ್ಣ ಕಲ್ಲುಗಳು ದೂರದ ತೀರ್ಪುಗಾರರಿಗೆ ಕಾಣುತ್ತವೆಯೇ ಎಂದು ಯಜಮಾನರು ಕೇಳುತ್ತಾರೆ. ಕಾಣುತ್ತವೆ.

ಇದನ್ನೆಲ್ಲ ನಾವು ಸಂತೋಷದಿಂದಲೇ ಮಾಡಿದೆವು, ಯಾರ ಮುಂದೆಯೂ ಕೈಚಾಚಲಿಲ್ಲ. ನಮ್ಮ ಕೈಲಾಗದ್ದು ಒಂದೇ, ನೆಲ. ಅದನ್ನು ಅಡವಿಟ್ಟ ಬಳೆಯಲ್ಲಿ ಕೊಳ್ಳಲಾಗುವುದಿಲ್ಲ. ಅದು ಊರಿನದು, ನೀವೇ ಉದ್ಘಾಟಿಸಿದ್ದು. ನಿಮ್ಮ ಹೆಸರಿನ ಗ್ರಾನೈಟ್ ಫಲಕ ಗೇಟಿನ ಪಕ್ಕದಲ್ಲಿದೆ. ಇಡೀ ರಿಂಕಿನಲ್ಲಿ ಇಂದಿಗೂ ನುಣುಪಾಗಿ ಉಳಿದಿರುವುದು ಅದೊಂದೇ.

ಈಗ ಕಳೆದ ವರ್ಷದ ನಿಮ್ಮ ಹುಟ್ಟುಹಬ್ಬಕ್ಕೆ ಬರುತ್ತೇನೆ.

ಅದಕ್ಕೂ ಸ್ವಲ್ಪ ಮೊದಲು ಮಗಳು ಜಿಲ್ಲಾ ಮಟ್ಟದಲ್ಲಿ ಗೆದ್ದಿದ್ದಳು. ನಿಮ್ಮ ಹುಡುಗರು ಮನೆಗೆ ಬಂದು ಅವಳ ಫೋಟೊ ಕೇಳಿದರು, ಕೊಟ್ಟೆವು. ಎರಡು ದಿನ ಬಿಟ್ಟು ನೋಡಿದರೆ ಉದ್ಯಾನದ ಬೇಲಿಗೆ ಆಳೆತ್ತರದ ಫ್ಲೆಕ್ಸ್. ನಡುವೆ ನೀವು ಕೈಮುಗಿದು ನಿಂತಿದ್ದೀರಿ, ಕೆಳಗಿನ ಮೂಲೆಯಲ್ಲಿ ಪದಕ ಹಾಕಿಕೊಂಡ ನನ್ನ ಮಗಳು, ಪಕ್ಕದಲ್ಲಿ "ಕ್ಷೇತ್ರದ ಹೆಮ್ಮೆ" ಎಂಬ ಅಕ್ಷರಗಳು. ಅವಳು ಅದರ ಮುಂದೆ ನಿಂತು ಗೆಳತಿಯರ ಜೊತೆ ಫೋಟೊ ತೆಗೆಸಿಕೊಂಡಳು. ಮಾರನೆಯ ಬೆಳಿಗ್ಗೆ ಐದು ಗಂಟೆಗೆ ಅಭ್ಯಾಸಕ್ಕೆ ಹೋದರೆ ರಿಂಕಿನ ಮೇಲೆ ಶಾಮಿಯಾನ ಎದ್ದು ನಿಂತಿತ್ತು. ಕಂಬ ಬಿಗಿಯಲು ಸುತ್ತಲೂ ಮಣ್ಣಿನ ನೆಲ ಬೇಕಾದಷ್ಟಿತ್ತು. ಆದರೂ ನಿಮ್ಮವರು ಡ್ರಿಲ್ ಹಾಕಿ ರಿಂಕಿನಲ್ಲಿಯೇ ತೂತು ಕೊರೆದು ಕಬ್ಬಿಣದ ಗೂಟಗಳನ್ನು ಬಡಿದಿದ್ದರು. ಒಂದು ಗೂಟ ವೃತ್ತದ ಗೆರೆಯ ಮೇಲೆಯೇ ಇತ್ತು. ಪೂರ್ವದ ಮೂಲೆಯಲ್ಲಿ ಕಲ್ಲು ಜೋಡಿಸಿ, ಸೌದೆ ಹಚ್ಚಿ, ದೊಡ್ಡ ಕೊಪ್ಪರಿಗೆಯಲ್ಲಿ ಬಿಸಿಬೇಳೆಬಾತ್ ಬೇಯುತ್ತಿತ್ತು. ಕಾಂಕ್ರೀಟಿನ ಮೇಲೆ ಬೆಂಕಿ ಹಾಕಿದರೆ ಮೇಲ್ಪದರ ಸಿಡಿದು ಏಳುತ್ತದೆ ಎಂದು ಕೋಚ್ ಹೇಳಲು ಹೋದರು. "ಸಾಹೇಬರ ಕಾರ್ಯಕ್ರಮ, ಒಂದು ದಿನ ಹೊಂದಿಕೊಳ್ಳಿ ಸಾರ್" ಎಂದು ಅವರ ಕೈಗೆ ಒಂದು ದೊನ್ನೆ ಕೇಸರಿಬಾತ್ ಕೊಟ್ಟು ಕಳುಹಿಸಿದರು.

ಒಂದು ದಿನ ಎಂದಿದ್ದರು. ಅಂದಿನಿಂದ ಇಂದಿನವರೆಗೂ ಹೊಂದಿಕೊಳ್ಳುತ್ತಲೇ ಇದ್ದೇವೆ.

ತೂತುಗಳಿಗೆ ಯಾರೋ ಹಸಿ ಸಿಮೆಂಟ್ ತುಂಬಿ ಹೋದರು, ಮಳೆಗಾಲದಲ್ಲಿ ಅದು ಕಿತ್ತುಬಂತು. ಒಲೆ ಹೂಡಿದ್ದ ಮೂಲೆಯಲ್ಲಿ ಜಲ್ಲಿ ಹಲ್ಲುಕಿರಿದಿದೆ. ಈ ಆಟದಲ್ಲಿ ಜಿಗಿದವರು ಒಂಟಿ ಕಾಲಿನ ಮೇಲೆ, ಹಿಮ್ಮುಖವಾಗಿ ಇಳಿಯುತ್ತಾರೆ. ಇಳಿಯುವ ಜಾಗ ಅವರ ಕಣ್ಣಿಗೆ ಬೀಳುವುದಿಲ್ಲ, ನೆಲವನ್ನು ನಂಬಬೇಕು. ನನ್ನ ಮಗಳು ಡಬಲ್ ಸಾಲ್ಕೊ ಅಭ್ಯಾಸ ಮಾಡುತ್ತಿದ್ದಳು. ಇಳಿದ ಕಾಲಿನ ಚಕ್ರ ಕಿತ್ತುಬಂದ ಗುಂಡಿಗೆ ಸಿಕ್ಕಿತು. ಎಡ ಮಣಿಕಟ್ಟಿನ ಮೂಳೆ ಮುರಿಯಿತು, ರಾಜ್ಯಮಟ್ಟದ ಸ್ಪರ್ಧೆ ತಪ್ಪಿತು. ಕಲ್ಲು ಅಂಟಿಸಿ ಮುಗಿಸಿದ್ದ ನೀಲಿ ಉಡುಪು ಬೀರುವಿನಲ್ಲಿದೆ, ಬರುವ ವರ್ಷಕ್ಕೆ ಅದು ಅವಳಿಗೆ ಆಗುವುದಿಲ್ಲ. ಆಸ್ಪತ್ರೆಯಿಂದ ವಾಪಸಾಗುವಾಗ ಆಟೊ ಉದ್ಯಾನದ ಮುಂದೆಯೇ ಬಂತು. ಫ್ಲೆಕ್ಸನ್ನು ಆಗಲೂ ಬಿಚ್ಚಿರಲಿಲ್ಲ. ಬೆಂಗಳೂರಿನಲ್ಲಿ ಫ್ಲೆಕ್ಸ್ ನಿಷೇಧವಾಗಿ ವರ್ಷಗಳಾದವು ಎಂಬುದು ಬೇರೆ ಮಾತು.

ಇದು ಆಕಸ್ಮಿಕ, ಮಕ್ಕಳು ಬೀಳುತ್ತಾರೆ ಎಂದು ನಿಮ್ಮ ಕಚೇರಿಯಲ್ಲಿ ಸಮಾಧಾನ ಹೇಳಿದರು. ಬೀಳುತ್ತಾರೆ, ಸ್ವಾಮಿ. ಅವಳು ಐದು ವರ್ಷದವಳಿದ್ದಾಗಿನಿಂದ ಬೀಳುವುದನ್ನು ನೋಡುತ್ತಲೇ ಬಂದಿದ್ದೇನೆ. ತನ್ನ ತಪ್ಪಿಗೆ ಬಿದ್ದರೆ ಎದ್ದು ಬಟ್ಟೆ ಕೊಡವಿಕೊಳ್ಳುತ್ತಾಳೆ. ನಿಮ್ಮ ಶಾಮಿಯಾನದ ಗೂಟಕ್ಕೆ ಅವಳು ಏಕೆ ಬೀಳಬೇಕು?

ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲೆಂದೇ ಈ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಅದರಲ್ಲಿ ಏನಿದೆ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಕಾಯ್ದೆ ಮಾಡುವ ಸದನದಲ್ಲಿ ಕೂರುವವರು ನೀವು. ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ ಬರುತ್ತದೆ ಎಂಬುದೂ ನಿಮಗೆ ಗೊತ್ತು. ಅದರಲ್ಲಿ ಒಂದು ರಿಂಕಿನ ನೆಲಕ್ಕೆ ಎಷ್ಟು ಬೇಕಾದೀತು? ವಿಶಾಖಪಟ್ಟಣದಲ್ಲಿ, ಚಂಡೀಗಢದಲ್ಲಿ ಉದ್ಯಾನದೊಳಗೆ ರಿಂಕ್ ಇಟ್ಟುಕೊಂಡು ಮಕ್ಕಳನ್ನು ಬೆಳೆಸುತ್ತಿದ್ದಾರೆ. ನಮ್ಮ ಮಕ್ಕಳು ಅಪಾರ್ಟ್‌ಮೆಂಟಿನ ತಳಮಹಡಿಯಲ್ಲಿ, ಕಾರುಗಳ ನಡುವೆ, ಕಾವಲುಗಾರ ಓಡಿಸುವವರೆಗೆ ಅಭ್ಯಾಸ ಮಾಡುತ್ತಾರೆ. ಆಮೇಲೆ ಪದಕ ಬಂದರೆ ಫೋಟೊ ಕೇಳಲು ನಿಮ್ಮ ಹುಡುಗರು ಬರುತ್ತಾರೆ.

ನೆಲ ಸರಿಮಾಡಿಸಿ. ಸಿಮೆಂಟ್ ಮೆತ್ತಿ ಹೋಗುವ ಕೆಲಸ ಬೇಡ, ಮೇಲ್ಪದರವನ್ನು ಪೂರ್ತಿಯಾಗಿ ತೆಗೆಸಿ ಹೊಸದಾಗಿ ಹಾಕಿಸಿ. ಹಾಕುವ ದಿನ ಕೋಚ್ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಅವರು ದುಡ್ಡು ಕೇಳುವುದಿಲ್ಲ. ವೃತ್ತಗಳನ್ನು ಅವರೇ ಮತ್ತೆ ಬರೆಯುತ್ತಾರೆ. ಫಲಕದಲ್ಲಿ ನಿಮ್ಮ ಹೆಸರನ್ನು ಇನ್ನೂ ದೊಡ್ಡದಾಗಿ ಕೆತ್ತಿಸಿಕೊಳ್ಳಿ, ನಮ್ಮ ತಕರಾರಿಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಮಗಳು ಮತ್ತೆ ಸ್ಕೇಟ್ ಕಟ್ಟಿಕೊಂಡಿದ್ದಾಳೆ. ಜಿಗಿಯುವ ಮುನ್ನ ಒಮ್ಮೆ ಹಿಂದಿರುಗಿ ನೆಲ ನೋಡುವ ಅಭ್ಯಾಸ ಬಂದುಬಿಟ್ಟಿದೆ. ಅದಕ್ಕೆ ಅಂಕ ಹೋಗುತ್ತದೆ ಎಂದು ಕೋಚ್ ಗದರುತ್ತಾರೆ. ನಾನು ಯಾರನ್ನು ಗದರಲಿ?

ಮುಂದಿನ ತಿಂಗಳು ನಿಮ್ಮ ಹುಟ್ಟುಹಬ್ಬ ಮತ್ತೆ ಬರುತ್ತಿದೆ. ನಿನ್ನೆ ಸಂಜೆ ಇಬ್ಬರು ಹುಡುಗರು ಅಳತೆ ಟೇಪು ಹಿಡಿದು ರಿಂಕಿನ ಉದ್ದಗಲ ಬರೆದುಕೊಂಡು ಹೋದರು. ನೆಲ ರಿಪೇರಿಗೆ ಬಂದವರಿರಬೇಕೆಂದು ಆಸೆಯಿಂದ ಕೇಳಿದೆ. "ಈ ಸಲ ಸ್ಟೇಜು ದೊಡ್ಡದು, ಅಕ್ಕ" ಎಂದರು. ಅವರಿಗೆ ಇವತ್ತೇ ಫೋನ್ ಮಾಡಿ ಬೇರೆ ಜಾಗ ತೋರಿಸಿ.

ಇಂತಿ,
ನಿಮ್ಮ ಫ್ಲೆಕ್ಸಿನ ಕೆಳಮೂಲೆಯಲ್ಲಿದ್ದ ಹುಡುಗಿಯ ತಾಯಿ